ಹಿಮ್ಮಡಿ ಕೆಳಗೆ ಹನ್ನೆರಡು ಮಿಲಿಮೀಟರ್

ನವೆಂಬರ್ 3, ಸೋಮವಾರ. ಬೆಳಿಗ್ಗೆ 6.40

ಮೂರು ಸಾಕ್ಸ್ ಸಾಲಲಿಲ್ಲ. ನಾಲ್ಕನೆಯದು ಏರಿಸಿದೆ. ಚಳಿ ಶುರುವಾದ ಮೇಲೆ ಬೆಳಗಿನ ಹೊತ್ತು ಮೊಂಡುಗಾಲು ಸಣ್ಣಗಾಗುತ್ತೆ, ಕೃತಕ ಕಾಲಿನೊಳಗೆ ಲೊಡಲೊಡ ಆಡುತ್ತೆ. ಗ್ರೂಪಿಗೆ ಹಾಕಿದೆ: ‘ಚಳಿಗೆ ಒಂದು ಸಾಕ್ಸ್ ಹೆಚ್ಚು. ಮಧ್ಯಾಹ್ನ ಬಿಗಿ ಎನಿಸಿದರೆ ಒಂದು ತೆಗೆಯಿರಿ.’

‘ಒಂದೂವರೆ ಕಾಲು ಬಳಗ’. ಇವತ್ತಿಗೆ ಅರವತ್ತಮೂರು ಜನ — ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಹೆಸರಿಟ್ಟವನು ನಾನು. ಲಾರಿ ಗುದ್ದಿ ಬಲಗಾಲು ಮೊಣಕಾಲ ಕೆಳಗೆ ಹೋಗಿ ಎರಡು ವರ್ಷ ನಾಲ್ಕು ತಿಂಗಳು. ಗ್ರೂಪಿಗೆ ಒಂದು ವರ್ಷ.

ಪಾವಗಡದ ಬಸವಮ್ಮನ ವಾಯ್ಸ್ ಮೆಸೇಜ್, ಎಂದಿನಂತೆ ಅರ್ಧ ತೆಲುಗು: “ಏಮಣ್ಣಾ, ಎಕ್ಸ್‌ಟ್ರಾ ಸಾಕ್ಸ್ ಒಣಗಾಕಿದ್ದೆ, ಮೇಕೆ ತಿನ್ಕೊಂಡ್ಬಿಡ್ತು. ಇಪ್ಪುಡು ಮೇಕೆಗೆ ಹಾಕ್ಲಾ, ನನಗೆ ಹಾಕ್ಲಾ, ನೀನೇ ಚೆಪ್ಪು!”

ಎಂಟು ಜನ ನಗುವ ಮುಖ ಹಾಕಿದರು. ನನ್ನ ಸಲಹೆಗೆ ಇಬ್ಬರು.

ನವೆಂಬರ್ 6, ಗುರುವಾರ

ಪಟ್ಟನಾಯಕನಹಳ್ಳಿಯಿಂದ ಅಣ್ಣ ಬಂದಿದ್ದ. ಮಗಳು ಅಶ್ವಿನಿ ಮದುವೆ ಇದೇ 30ಕ್ಕೆ, ಇಲ್ಲೇ ಮಧುಗಿರಿಯಲ್ಲಿ. ಊಟ ಆದ ಮೇಲೆ ಎಲೆ ಅಡಿಕೆ ಮಡಿಸುತ್ತಾ ಹೇಳಿದ.

“ಲೇ ರಂಗ, ಕೆಟ್ಟದ್ದಕ್ಕೆ ಹೇಳ್ತಿಲ್ಲ ಕಣ್ಲಾ. ಧಾರೆ ನಾನೇ ಎರೀತೀನಿ ಬುಡು. ನೀನು ಪಕ್ಕದಾಗೆ ಕುರ್ಚಿ ಮ್ಯಾಲೆ ಕೂತ್ಕ.”

“ಯಾಕಣ್ಣ?”

“ಹೋದ್ ವರ್ಸ ದೇವಸ್ಥಾನದ ಹೊಸಲಲ್ಲಿ ಹೆಂಗ್ ಬಿದ್ದೆ, ನಾನೇ ನೋಡಿವ್ನಿ. ಧಾರೆ ಹೊತ್ನಲ್ಲಿ ಅಂಗೇ ಬಿದ್ಬುಟ್ರೆ? ನೂರು ಜನ ನೂರು ಮಾತಾಡ್ತಾರೆ. ಆ ಮಗಿಗೆ ಜೀವಮಾನ ಪೂರಾ ಅದೇ ಆಗ್ತದೆ.”

ಅಣ್ಣ ಹೇಳಿದ್ದು ನಿಜ. ಶೂ ಬಿಚ್ಚಿದರೆ ನಾನು ಹಿಂದಕ್ಕೆ ವಾಲುತ್ತೇನೆ. ಮಂಟಪದಲ್ಲಿ ಮಣೆ ಮೇಲೆ ಚಕ್ಕಳಮಕ್ಕಳ ಕೂರಬೇಕು, ಬರಿಗಾಲಲ್ಲಿ ಏಳಬೇಕು, ಬಗ್ಗಿ ಮಗಳ ಕೈ ಮೇಲೆ ಹಾಲು ನೀರು ಬಿಡಬೇಕು.

ಹೆಂಡತಿ ಗಂಗಲಕ್ಷ್ಮಮ್ಮ ಪಾತ್ರೆ ತೊಳೆಯುವ ಸದ್ದು ಜೋರಾಯಿತು. ಅಶ್ವಿನಿ ಒಳಗಿಂದಲೇ — “ದೊಡ್ಡಪ್ಪ, ಅಪ್ಪ ಎರೀದಿದ್ರೆ ನಾನು ಮಣೆ ಮೇಲೇ ಕೂರಲ್ಲ.”

“ನೀನ್ ಸುಮ್ಕಿರಮ್ಮಿ.”

ನನಗೆ ಕೂರಬೇಕು. ಎರೆಯಬೇಕು. ಇಷ್ಟೇ ಬರೆದಿಡುತ್ತೇನೆ.

ನವೆಂಬರ್ 8, ಶನಿವಾರ

ಕಾಲು ಮಾಡಿಕೊಟ್ಟ ವರ್ಕ್‌ಶಾಪಿಗೆ ಫೋನ್ ಮಾಡಿದೆ. ಹಿಂದಕ್ಕೆ ವಾಲುವ ಕಾರಣ ಒಂದೇ ನಿಮಿಷದಲ್ಲಿ ಹೇಳಿದರು. ಅಳತೆಗೆ ಬಂದ ದಿನ ಹಾಕಿದ್ದ ಶೂ ನೋಡಿ ಪಾದದ ಕೋನ ಕೂರಿಸುತ್ತಾರಂತೆ. ನಾನು ಹಾಕಿಕೊಂಡು ಹೋಗಿದ್ದ ಶೂ ಹಿಮ್ಮಡಿ ಹನ್ನೆರಡು ಮಿಲಿಮೀಟರ್. ಶೂ ಬಿಟ್ಟರೆ ಆ ಹನ್ನೆರಡು ಮಾಯ, ದೇಹ ಹಿಂದಕ್ಕೆ.

ಹೊಸ ಕೋನ ಕೂರಿಸಬಹುದು. ಜನವರಿಯಲ್ಲಿ ಬನ್ನಿ ಅಂದರು.

ನೆನಪಿದೆ. ಕೇಳಿದ್ದರು, ‘ದಿನಾ ಇದೇ ಶೂ ಹಾಕ್ತೀರಾ?’ ಹೌದು ಸಾರ್ ಅಂದಿದ್ದೆ. ಸುಳ್ಳು. ಆಗ ಆ ಶೂ ವರ್ಷಕ್ಕೊಮ್ಮೆ ಹೊರಗೆ ಬರುತ್ತಿತ್ತು. ದೊಡ್ಡ ಊರಿಗೆ ಹವಾಯಿ ಚಪ್ಪಲಿಯಲ್ಲಿ ಹೋಗುವುದು ಹೇಗೆ ಅಂತ ಪಾಲಿಶ್ ಮಾಡಿ ಹಾಕಿದ್ದೆ. ಹದಿನೈದು ವರ್ಷ ಸರ್ವೇ ಮಾಡಿದವನು. ಬೇರೆಯವರ ಹೊಲ ಅಂಗುಲ ತಪ್ಪದೆ ಅಳೆದೆ. ನನ್ನ ಅಳತೆಯ ದಿನ ಹಬ್ಬದ ಶೂ!

ಗ್ರೂಪಲ್ಲಿ ಕೇಳಿದೆ: ‘ಅಳತೆಗೆ ಏನು ಹಾಕಿಕೊಂಡು ಹೋಗಿದ್ದಿರಿ? ನಿಜ ಹೇಳಿ.’

ಸಂಜೆಗೆ ಇಪ್ಪತ್ತೇಳು ಉತ್ತರ. ಹತ್ತೊಂಬತ್ತು ಜನ ಶೂ. ಅದರಲ್ಲಿ ಏಳು ಎರವಲು.

“ನೇನೂ ಅಂಗೇ ಅಣ್ಣಾ,” ಬಸವಮ್ಮ. “ನಮ್ ಮೈದುನನ ಪೋಲೀಸ್ ಟ್ರೈನಿಂಗ್ ಬೂಟು! ಡಾಕ್ಟ್ರಮ್ಮ ನೋಡಿ, ಏನ್ ಕೆಲಸ ಮಾಡ್ತೀರಮ್ಮಾ ಅಂದ್ರು. ಮೇಕೆ ಕಾಯ್ತೀನಿ ಅಂದೆ.”

ಎಷ್ಟೋ ದಿನದ ಮೇಲೆ ಹೊಟ್ಟೆ ಹಿಡಿದು ನಕ್ಕೆ. ಎರಡು ವರ್ಷದಿಂದ ನಾವೆಲ್ಲ ‘ಈ ಕಾಲೇ ಹೀಗೆ’ ಅಂದುಕೊಂಡು ದೇವಸ್ಥಾನದ ಬಾಗಿಲಲ್ಲಿ ಗೋಡೆ ಹಿಡಿಯುತ್ತಿದ್ದೆವು. ಒಬ್ಬರಿಗೂ ಇನ್ನೊಬ್ಬರದು ಗೊತ್ತಿರಲಿಲ್ಲ. ಮೆಸೇಜ್ ಪಿನ್ ಮಾಡಿದೆ: ‘ಅಳತೆಗೆ ಹೋಗುವಾಗ ದಿನ ಬಳಸುವುದನ್ನೇ ಹಾಕಿ. ಬರಿಗಾಲಲ್ಲಿ ಇರುತ್ತೀರಾದರೆ ಬರಿಗಾಲು ಅಂತ ಹೇಳಿ. ನಾಚಿಕೆ ಬೇಡ.’

ನವೆಂಬರ್ 9, ಭಾನುವಾರ

ಹಳೇ ಹವಾಯಿ ಚಪ್ಪಲಿಯ ಹಿಮ್ಮಡಿ ಕತ್ತರಿಸಿ ಓರೆ ಮಾಡಿದೆ. ಹಿಂದೆ ಹನ್ನೆರಡು ಮಿ.ಮೀ., ಮುಂದೆ ಸೊನ್ನೆ. ಆ ತುಂಡು ಕೃತಕ ಪಾದದ ಹಿಮ್ಮಡಿ ಕೆಳಗೆ, ಸುತ್ತ ಟೇಪ್, ಮೇಲೆ ಬಿಳಿ ಸಾಕ್ಸ್. ನಡುಮನೆಯಲ್ಲಿ ನಿಂತೆ. ಗೋಡೆ ಹಿಡಿಯದೆ! ನಾಲ್ಕು ನಿಮಿಷ ಹತ್ತು ಸೆಕೆಂಡ್.

“ಇನ್ನು ಸಾಕು, ಕೂತ್ಕೊಳ್ರಿ,” ಅಂದಳು ಗಂಗಲಕ್ಷ್ಮಮ್ಮ. ಕೂರಲಿಲ್ಲ.

ನವೆಂಬರ್ 12, ಬುಧವಾರ

ಅಣ್ಣನಿಗೆ ಫೋನಲ್ಲಿ ಸಂತೋಷದಿಂದ ಹೇಳಿದೆ. ಅವನಿಗೆ ಹಿಡಿಸಲಿಲ್ಲ.

“ಚಪ್ಪಲಿ ಹಾಕ್ಕಂಡು ಧಾರೆ ಎರೀತೀಯೇನ್ಲಾ?”

“ಕತ್ತರಿಸಿದ ತುಂಡು ಅಣ್ಣ. ಸಾಕ್ಸ್ ಒಳಗೆ.”

“ಒಳಗಿದ್ರೂ ಚಪ್ಪಲಿ ಚಪ್ಪಲಿನೇಯ.”

ಇದನ್ನು ಗ್ರೂಪಲ್ಲಿ ಹಾಕಬಾರದಿತ್ತು. ನೂರ ನಲವತ್ತು ಮೆಸೇಜ್. ಕತ್ತರಿಸಿದ ಮೇಲೆ ಅದು ರಬ್ಬರ್ ಅಂತ ಶಿರಾದವರು. ಹಂಗಾದ್ರೆ ಕಾಲೇ ರಬ್ಬರ್, ಅದನ್ನೂ ಹೊರಗೆ ಬಿಟ್ಟು ಹೋಗಲಿ ಅಂತ ಕೊರಟಗೆರೆಯವರು. ಒಬ್ಬರು ಪುರೋಹಿತರನ್ನೇ ಕೇಳಿಬಿಟ್ಟರು. ಅವರು ಯೋಚಿಸಿ ಹೇಳುತ್ತೇನೆ ಅಂದರಂತೆ, ಆಮೇಲೆ ಫೋನ್ ಎತ್ತುತ್ತಿಲ್ಲವಂತೆ.

ಕೊನೆಗೆ ಚನ್ನರಾಯನದುರ್ಗದ ಚಿಕ್ಕನರಸಯ್ಯ ಬರೆದರು. ಬಡಗಿ, ಅರವತ್ತಾರು ವರ್ಷ, ಎಡಗಾಲು ತೊಡೆಯಿಂದ ಇಲ್ಲ. ವಾರಕ್ಕೊಂದು ಸಾಲು ಬರೆಯುವವರು.

‘ಕೂರೋ ಮಣೆ ಹಲಸಿಂದು. ತುಂಡೂ ಹಲಸಿಂದೇ ಮಾಡಿದ್ರೆ ಯಾರ್ ಏನಂತಾರೆ. ಅಳತೆ ಕಳ್ಸಿ.’

ನವೆಂಬರ್ 16, ಭಾನುವಾರ

ಚಿಕ್ಕನರಸಯ್ಯ ಎರಡು ಬಸ್ ಬದಲಾಯಿಸಿ ತಾವೇ ಬಂದರು. ಮೊದಲ ಸಲ ಮುಖ ನೋಡಿದ್ದು. ಜೇಬಿಂದ ಕರ್ಚೀಫು ತೆಗೆದು ಬಿಚ್ಚಿದರು. ಹಳದಿ ಮರದ ತುಂಡು, ಹೊಳೆಯುವ ಹಾಗೆ ಉಜ್ಜಿದ್ದು. ಕ್ಯಾಲಿಪರ್ ಇಟ್ಟೆ. ಹನ್ನೆರಡು.

“ನಂಬಿಕೆ ಇಲ್ವೇನಪ್ಪ?”

“ಅಭ್ಯಾಸ.”

ತಾರಸಿಯಲ್ಲಿ ತಾಲೀಮು. ಗಂಡಿನ ಜಾಗಕ್ಕೆ ಗಂಗಲಕ್ಷ್ಮಮ್ಮ, ಕೈ ಕೆಳಗೆ ಬಕೆಟ್, ನೆಲ ಒದ್ದೆಯಾಗದಿರಲಿ ಅಂತ. ಬಸವಮ್ಮ ವಿಡಿಯೋ ಕಾಲಲ್ಲಿ. ಮಣೆಯಿಂದ ಏಳುವುದೇ ಕಷ್ಟ. ಆಕೆಯ ದಾರಿ: ಒಳ್ಳೆ ಕಾಲಿನ ಕಡೆಗೆ ತಿರುಗು, ಒಂದು ಕೈ ನೆಲಕ್ಕೆ, ಸೊಂಟ ಮೊದಲು, ತಲೆ ಕೊನೆಗೆ. ಮೇಕೆ ಮರಿ ಏಳುವ ಹಾಗೆ.

“ಅಣ್ಣಾ, ತಲೆ ಮೊದಲು ಎತ್ತಬೇಡ! ತಲೆ ಬರುವು ನಿಂಗೆ, ಭಾರ!”

ಹದಿನಾರು ಸಲ. ಕೊನೆಯ ಐದು ಸರಿ. ಚಿಕ್ಕನರಸಯ್ಯ ಎರಡು ಮುದ್ದೆ ಉಂಡು ಹೊರಟರು.

ನವೆಂಬರ್ 26, ಬುಧವಾರ

ಹತ್ತು ದಿನ ಬರೆಯಲಿಲ್ಲ. ಬರೆಯುವಂಥದ್ದು ಮಾಡಿರಲಿಲ್ಲ.

ದಿನಕ್ಕೆ ನಲವತ್ತು ಸಲ ಎದ್ದು ಕೂತೆ. 19ಕ್ಕೆ ಮೊಂಡುಗಾಲ ತುದಿ ಕೆಂಪಾಯಿತು. ನಾನೇ ಪಿನ್ ಮಾಡಿದ್ದೇನೆ — ಇಪ್ಪತ್ತು ನಿಮಿಷದಲ್ಲಿ ಕೆಂಪು ಹೋಗದಿದ್ದರೆ ಕಾಲು ತೊಡಬೇಡಿ. ತೊಟ್ಟೆ. 21ಕ್ಕೆ ಬೊಬ್ಬೆ, 22ಕ್ಕೆ ಒಡೆಯಿತು. ಮನೆಯಲ್ಲಿ ಹೇಳಲಿಲ್ಲ. ಕೋಣೆ ಬಾಗಿಲು ಹಾಕಿ ಮದುವೆ ಕಾರ್ಡಿಗೆ ಹೆಸರು ಬರೆಯುತ್ತಿದ್ದೇನೆ ಅಂದೆ. ಗ್ರೂಪಲ್ಲಿ ಆ ದಿನ ಯಾರಿಗೋ ಗಾಯದ ಬಗ್ಗೆ ಸಲಹೆ ಬೇರೆ ಕೊಟ್ಟೆ.

23ರ ಬೆಳಿಗ್ಗೆ ತಡೆಯಲಾಗದೆ ಫೋಟೋ ಹಾಕಿದೆ. ‘ಅಡ್ಮಿನ್ ಕಾಲು. ನಿಯಮ ಮುರಿದಿದ್ದೇನೆ. ಏಳು ದಿನ ಇದೆ.’

ಬೈಗುಳ ಬರುತ್ತೆ ಅಂದುಕೊಂಡೆ. ಬಂದವು. ಬಸವಮ್ಮನದು ಮೂರು ನಿಮಿಷ, ಪೂರ್ತಿ ತೆಲುಗು, ಒಂದಕ್ಷರ ಬಿಡದೆ ಅರ್ಥವಾಯಿತು. ಜೊತೆಗೆ ಶಿರಾದ ನರ್ಸ್ ಒಬ್ಬರ ನಂಬರ್. ಆಕೆ ದಿನಾ ಫೋಟೋ ತರಿಸಿಕೊಂಡು ನೋಡುತ್ತಿದ್ದಾರೆ. ಒಣಗಿಸಿ, ಗಾಳಿಗೆ ಬಿಡಿ, ತೊಡಲೇಬೇಡಿ. ದಿನಕ್ಕೆ ಒಬ್ಬೊಬ್ಬರು ಫೋನ್ ಮಾಡಿ ‘ತೊಟ್ಟಿಲ್ಲ ತಾನೆ?’ ಅಂತ ಕೇಳುವ ಡ್ಯೂಟಿ ಹಂಚಿಕೊಂಡಿದ್ದಾರೆ. ಗಂಗಲಕ್ಷ್ಮಮ್ಮನ ನಂಬರೂ ಅವರ ಹತ್ತಿರ ಇದೆ. ಹೇಗೆ ಸಿಕ್ಕಿತೋ.

ಇವತ್ತು ಚರ್ಮ ಕೂಡಿದೆ.

ನವೆಂಬರ್ 29, ಶನಿವಾರ. ಮಧ್ಯಾಹ್ನ

ನರ್ಸ್ ಹೇಳಿದ್ದು: ನಾಳೆ ಕಾಲು ತೊಡುವುದು ಎರಡೇ ಗಂಟೆ, ಜಾಸ್ತಿ ಇಲ್ಲ.

ಅಣ್ಣ ಬಂದಿದ್ದಾನೆ. ಹಲಸಿನ ತುಂಡು ಕೈಯಲ್ಲಿ ತಿರುವಿ ನೋಡಿದ. “ಮರ ಚೆನ್ನಾಗದೆ.” ಅಷ್ಟೇ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ನವೆಂಬರ್ 30, ಭಾನುವಾರ. ಸಂಜೆ 5

ಎರೆದೆ.

ಕ್ರಮವಾಗಿ ಬರೆಯಬೇಕು. 9.35ಕ್ಕೆ ಮಣೆ ಮೇಲೆ ಕೂತೆ. 10.10ಕ್ಕೆ ಏಳಲು ಹೇಳಿದರು. ಕೈ ನೆಲಕ್ಕೆ, ಸೊಂಟ, ತಲೆ ಕೊನೆಗೆ. ಎದ್ದೆ. ಮುಂದಿನ ಸಾಲಿನಿಂದ ಒಂದು ಶಿಳ್ಳೆ. ಗ್ರೂಪಿನಿಂದ ಹನ್ನೊಂದು ಜನ ಬಂದಿದ್ದರು, ಶಿಳ್ಳೆ ಬಸವಮ್ಮನದು.

ಅಶ್ವಿನಿ ಕೈ, ಹುಡುಗನ ಕೈ, ಮೇಲೆ ತೆಂಗಿನಕಾಯಿ. ಗಂಗಲಕ್ಷ್ಮಮ್ಮ ಹಾಲು ಬಿಟ್ಟಳು, ನಾನು ಚೆಂಬು ಬಗ್ಗಿಸಿದೆ. ಹಾಲು ತಟ್ಟೆ ದಾಟಿ ನೆಲಕ್ಕೆ ಹರಿಯಿತು. ಹಲಸಿನ ಮರ, ಮೇಲೆ ಸಾಕ್ಸ್, ಒದ್ದೆ ಗ್ರಾನೈಟ್. ಹಿಮ್ಮಡಿ ಮೆಲ್ಲಗೆ ಜಾರತೊಡಗಿತು. ಅರವತ್ತಮೂರು ಜನ ಪಂಡಿತರು, ಒಬ್ಬರಿಗೂ ಇದು ಹೊಳೆದಿರಲಿಲ್ಲ. ತಾಲೀಮಲ್ಲಿ ಬಕೆಟ್ ಇಟ್ಟಿದ್ದೆವಲ್ಲ.

ಚೆಂಬು ಬಿಡುವ ಹಾಗಿಲ್ಲ. ಕೈ ಚಾಚುವ ಹಾಗಿಲ್ಲ.

ಜಾರುವುದು ನಿಂತಿತು. ಹಿಂದಿನಿಂದ ಏನೋ ಗಟ್ಟಿಯಾಗಿ ತಡೆದಿತ್ತು. ಎರೆದು ಮುಗಿಸಿ ಕತ್ತು ತಿರುಗಿಸಿದೆ. ಅಣ್ಣ ನನ್ನ ಬೆನ್ನ ಹಿಂದೆ ನಿಂತು, ತನ್ನ ಬಲಪಾದವನ್ನು ಅಡ್ಡ ಮಾಡಿ ನನ್ನ ಹಿಮ್ಮಡಿಗೆ ಒತ್ತಿ ಹಿಡಿದಿದ್ದ. ಮುಖ ಎತ್ತಲೋ, ಛಾವಣಿ ಫ್ಯಾನ್ ನೋಡುತ್ತಿದ್ದ.

“ಮುಂದ್ ನೋಡ್ಲಾ,” ಅಂದ.

ಡಿಸೆಂಬರ್ 1, ಸೋಮವಾರ. ಬೆಳಿಗ್ಗೆ 8

ಕಾಲು ಸರಿ ಇದೆ, ಕೆಂಪಿಲ್ಲ. ಫೋಟೋ ನರ್ಸ್‌ಗೆ ಕಳಿಸಿದೆ. ಗ್ರೂಪಿಗೆ ವರದಿ ಬರೆಯುತ್ತಿದ್ದೆ: ‘ಒದ್ದೆ ನೆಲದಲ್ಲಿ ಸಾಕ್ಸ್ ಸುತ್ತಿದ ಮರ ಜಾರುತ್ತದೆ. ಅಡಿಗೆ ಗೋಣಿ ಬಟ್ಟೆ ಅಂಟಿಸಿ ನೋಡಬೇಕು.’

ಅಣ್ಣ ಕಾಫಿ ಲೋಟ ಹಿಡಿದು ಬಂದು ಪಕ್ಕ ಕೂತ.

“ಲೇ, ಆ ಬಳಗಕ್ಕೆ ನನ್ನೂ ಸೇರಿಸ್ಕತೀರೇನ್ಲಾ?”

“ಕಾಲು ಎರಡೂ ಇರೋರು ಇನ್ನೂ ಯಾರೂ ಇಲ್ಲ ಅಣ್ಣ.”

“ಒಂದನ್ನ ನಿನ್ನೆ ನಿಂಗೇ ಕೊಟ್ಟಿದ್ನಲ್ಲೋ.”

ಓಟಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಮೂವತ್ತೊಂದು ಪರ. ವಿರೋಧ ಒಂದು — ಚಿಕ್ಕನರಸಯ್ಯ. ಕಾರಣ ಟೈಪ್ ಮಾಡುತ್ತಿದ್ದಾರೆ, ಇನ್ನೂ ಟೈಪ್ ಮಾಡುತ್ತಲೇ ಇದ್ದಾರೆ. ಅಣ್ಣ ನನ್ನ ಭುಜದ ಮೇಲಿಂದ ಬಗ್ಗಿ, ಕನ್ನಡಕ ಏರಿಸಿ, “ಯಾವನ್ಲಾ ಅವ್ನು” ಅಂತ ನಾನು ಇದನ್ನು ಬರೆಯುತ್ತಿರುವ ಫೋನನ್ನೇ ಕಸಿಯಲು ಕೈ ಹಾಕಿ…