ತೊಮಿ ಅಕ್ಕನ ಕಿಟಕಿಯ ಕೆಳಗೆ ನಿಂತ ಕಾರು

ಪ್ರೀತಿಯ ತೊಮಿ ಅಕ್ಕ,

ಬಾಗಿಲು ತಟ್ಟಿದರೆ ನೀವು ತೆರೆಯುತ್ತಿಲ್ಲ. ಫೋನ್ ಮಾಡಿದರೆ "ಬೇಡ ಹಿಸಾಕೊ, ನಿಂಗೆ ಮುಖ ತೋರ್ಸೋಕೆ ಆಗಲ್ಲ" ಅಂತ ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದವನ್ನು ನಿಮ್ಮ ಅಂಚೆಡಬ್ಬಿಗೆ ಹಾಕುತ್ತಿದ್ದೇನೆ. ಒಂದು ಕಾರು ನಿಲ್ಲುವಷ್ಟು ಜಾಗ ಬಿಟ್ಟು ಕಟ್ಟಿದ ಎರಡು ಮನೆಗಳ ನಡುವೆ ಕಾಗದ ಓಡಾಡುವ ಕಾಲ ಬಂತು ನೋಡಿ.

ನೀವು ಹಿಮಿ ಊರಿನ ಹಿರಿಯರ ನಿವಾಸಕ್ಕೆ ಹೋಗುತ್ತೀರಂತೆ. ಸಾಮಾನು ಸಾಗಿಸುವ ವ್ಯಾನಿಗೂ ಹೇಳಿಟ್ಟಿದ್ದೀರಂತೆ. ಕಾರಣ ನನಗೆ ಗೊತ್ತು. ಆ ಬಾಯಿಬಡುಕಿ ಕಾಯೊ ತರಕಾರಿ ಅಂಗಡಿಯಲ್ಲಿ ನಿಮ್ಮ ಮುಂದೆ ಒದರಿದ್ದಾಳೆ: "ಮಗಳ ಮದುವೆ ದಿನ ಬೆಳಿಗ್ಗೆನೇ, ಹಿಮಕ್ಕೆ ಮುಚ್ಚಿದ್ದ ಹೆದ್ದಾರಿ ತೆರೆದಿದ್ರಲ್ಲ, ಪಾಪ, ಇಸಾಮು ಅವರು ಹೋಗ್ಲೇ ಇಲ್ಲ." ಮರುದಿನ ನೀವು ನಮ್ಮ ಹೊಸ್ತಿಲಲ್ಲಿ ಮಂಡಿಯೂರಿ, ಹಣೆ ನೆಲಕ್ಕೆ ತಾಗಿಸಿ ಕ್ಷಮೆ ಕೇಳಿದಿರಿ. ಮೂಗಿನ ಆಮ್ಲಜನಕದ ಕೊಳವೆ ಜಾರಿ ಉಬ್ಬಸ ಬಂದರೂ ಏಳಲಿಲ್ಲ. ನನ್ನ ಗಂಡ ಇಸಾಮು ಏನೂ ತೋಚದೆ ನಿಮ್ಮ ಎದುರು ತಾನೂ ನೆಲಕ್ಕೆ ಬಗ್ಗಿದ. ಇಬ್ಬರನ್ನೂ ಎಬ್ಬಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಈಗ ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಕೋಪ ಮಾಡಿಕೊಳ್ಳದೆ ಓದಿ.

ನಮ್ಮ ಕಾರಿನ ಕಥೆ ನಿಮಗೆ ಗೊತ್ತೇ ಇದೆ. ಬೇರೆಯವರ ಗಂಡಂದಿರು ನಿವೃತ್ತಿಯ ನಂತರ ಮೀನು ಹಿಡಿಯಲು ಹೋದರು, ನನ್ನ ಗಂಡ ಹೈಡ್ರೋಜನ್ ಕಾರು ತಂದ. ಅನಿಲ ತುಂಬಿಸುವ ಬಂಕು ಊರಿನ ಆ ತುದಿಯಲ್ಲಿ, ಭಾನುವಾರ ರಜೆ, ಸಂಜೆಯಾದರೆ ಬೀಗ. ಸೆಕೆಗಾಲದಲ್ಲಿ ಅನಿಲದ ಕೊರೆತಕ್ಕೆ ಅಲ್ಲಿನ ಕೊಳವೆ ಮಂಜುಗಟ್ಟಿ, ಮೊಲೆ ಬಿಡದ ಮಗುವಿನ ಹಾಗೆ ಕಾರಿಗೆ ಕಚ್ಚಿಕೊಂಡು ಕೂತರೆ, ಅದು ತಾನಾಗಿ ಬಿಡುವವರೆಗೆ ಕಾಯಬೇಕು. ಪರಾಗದ ಧೂಳು ಹಾರುವ ತಿಂಗಳುಗಳಲ್ಲಿ ಗಾಳಿಯ ಫಿಲ್ಟರನ್ನು ಆತ ಬಿಚ್ಚಿ ನೋಡುವಷ್ಟು ಸಲ ನನ್ನ ಮುಖವನ್ನೂ ನೋಡುತ್ತಿರಲಿಲ್ಲ. ಹೊಗೆಯ ಬದಲು ನೀರು ಬಿಡುವ ಗಾಡಿ ಅದು. ಶೆಡ್ಡಿಗೆ ಹಾಕುವ ಮುಂಚೆ ಗುಂಡಿ ಒತ್ತಿ ಆ ನೀರನ್ನೆಲ್ಲ ಹೊರಗೆ ಚೆಲ್ಲಿಸುತ್ತಿದ್ದ. ಆಗೆಲ್ಲ ನೀವು ಕಿಟಕಿಯಿಂದ ಇಣುಕಿ, "ಇಸಾಮು, ನಿನ್ ಮಗು ಉಚ್ಚೆ ಹೊಯ್ತಾ? ಇನ್ನು ಮಲಗ್ಸು" ಅನ್ನುತ್ತಿದ್ದಿರಿ. ಟ್ಯಾಂಕಿಗೂ ಕೊನೆಯ ದಿನಾಂಕ ಇರುತ್ತದೆ, ಅದು ದಾಟಿದರೆ ಯಾವ ಬಂಕಿನವರೂ ಅನಿಲ ತುಂಬುವುದಿಲ್ಲ ಎಂದು ಆತ ಮುಚ್ಚಳದೊಳಗಿನ ಚೀಟಿ ತೋರಿಸಿದಾಗ, "ನಂಗೂ ಒಂದು ಅಂಟ್ಸಿದ್ರೆ ಡಾಕ್ಟ್ರಿಗೆ ತಲೆನೋವು ತಪ್ತಿತ್ತು" ಎಂದು ನಕ್ಕವರೂ ನೀವೇ.

ನಮ್ಮ ಮಗಳು ಚಿಹಾರುವಿನ ಮದುವೆಗೆ ಅದೇ ಕಾರಿನಲ್ಲಿ ನಗೋಯಾಕ್ಕೆ ಹೋಗಬೇಕೆಂದು ಆತ ವರ್ಷದಿಂದ ಹೇಳುತ್ತಿದ್ದ. ಆದರೆ ಮದುವೆಯ ವಾರವೇ ಬಂಕಿನಲ್ಲಿ ವರ್ಷಕ್ಕೊಮ್ಮೆಯ ಸರ್ಕಾರಿ ತಪಾಸಣೆ. ಎರಡು ವಾರ ಪೂರ್ತಿ ಮುಚ್ಚುತ್ತಾರೆ. ಆತ ಮುಚ್ಚುವ ಹಿಂದಿನ ದಿನವೇ ಹೋಗಿ ಕಂಠಮಟ್ಟ ತುಂಬಿಸಿಕೊಂಡು ಬಂದ. ಆಮೇಲೆ ಕಾರನ್ನು ಮುಟ್ಟಲಿಲ್ಲ. ನಾನು ಸೋಯಾ ಸಾಸ್ ತರಲು ಸಹ ನಡೆದುಕೊಂಡೇ ಹೋಗಬೇಕಾಯಿತು.

ಆಗ ಆ ಒದ್ದೆ ಹಿಮ ಬಿತ್ತು. ಕಂಬಗಳು ಉರುಳಿ ಇಡೀ ಬೀದಿಗೆ ಕರೆಂಟ್ ಹೋಯಿತು. ನಿಮ್ಮ ಆಮ್ಲಜನಕದ ಮಷಿನ್ ನಿಂತಿತು. ಇದ್ದ ಸಿಲಿಂಡರು ಅರ್ಧ ದಿನಕ್ಕೆ ಮುಗಿಯುವಂಥದ್ದು, ಇನ್ನೊಂದು ತರುವ ಗಾಡಿ ಹಿಮದಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು. ಇಸಾಮು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಹಿಮ ಎತ್ತಿ ದಾರಿ ಮಾಡಿ, ಕಾರನ್ನು ನಿಮ್ಮ ಕಿಟಕಿಯ ಕೆಳಗೆ ತಂದು ನಿಲ್ಲಿಸಿ, ಅದರೊಳಗಿನ ಪ್ಲಗ್ಗಿನಿಂದ ವೈರು ಎಳೆದು ನಿಮ್ಮ ಮಷಿನ್ನಿಗೆ ಕೊಟ್ಟ. ಪೆಟ್ರೋಲ್ ಕಾರಾಗಿದ್ದರೆ ಕಿಟಕಿಯ ಕೆಳಗೆ ಹಗಲೂ ರಾತ್ರಿ ಚಾಲೂ ಇಡಲು ಆಗುತ್ತಿತ್ತೇ? ವಿಷದ ಹೊಗೆ ಒಳಗೆ ನುಗ್ಗುತ್ತಿತ್ತು. ಇದು ಬರೀ ನೀರು ಬಿಟ್ಟಿತು. ಆ ನೀರು ಬಿದ್ದಲ್ಲೇ ಹೆಪ್ಪುಗಟ್ಟುತ್ತಿತ್ತು, ಆತ ಗುದ್ದಲಿಯಿಂದ ಒಡೆಯುತ್ತಲೇ ಇದ್ದ. ಅಷ್ಟು ಖುಷಿಯಾಗಿ ನಾನು ನನ್ನ ಗಂಡನನ್ನು ಯಾವತ್ತೂ ನೋಡಿರಲಿಲ್ಲ. "ನೋಡ್ದ್ಯಾ? ನೋಡ್ದ್ಯಾ? ನಗ್ತಿದ್ರಲ್ಲ ಎಲ್ರೂ!" ಎಂದು ನನಗೆ ಹೇಳಿದ್ದನ್ನೇ ಹೇಳಿದ.

ಮದುವೆಯ ದಿನ ಬೆಳಿಗ್ಗೆಯೂ ಕರೆಂಟ್ ಇರಲಿಲ್ಲ, ರೈಲು ಇರಲಿಲ್ಲ, ಕರೆಂಟಿಲ್ಲದೆ ಪೆಟ್ರೋಲ್ ಬಂಕುಗಳೂ ಮುಚ್ಚಿದ್ದವು. ಆದರೆ ರೇಡಿಯೊದಲ್ಲಿ ಹೆದ್ದಾರಿ ತೆರೆಯಿತು ಎಂದರು. ಹೌದು, ಕಾಯೊ ಹೇಳಿದ್ದು ನಿಜ. ಟ್ಯಾಂಕಿನಲ್ಲಿ ನಗೋಯಾ ಮುಟ್ಟುವಷ್ಟು ಉಳಿದಿತ್ತು, ಅದೂ ನಿಜ. ನಿಮ್ಮನ್ನು ಆಸ್ಪತ್ರೆಗೆ ಸಾಗಿಸಬಹುದೇ ಎಂದು ಡಾಕ್ಟರಿಗೆ ಫೋನ್ ಮಾಡಿದೆವು. "ಮಷಿನ್ ನಡೀತಿದೆ ತಾನೆ? ಹಾಗಾದ್ರೆ ಅಲ್ಲೇ ಇರ್ಲಿ. ಈ ಚಳೀಲಿ ಅವ್ರನ್ನ ಅಲುಗಾಡಿಸ್ಬೇಡಿ" ಎಂದರು.

ಆಗ ಇಸಾಮು ನಿಮ್ಮ ಕೋಣೆಗೆ ಬಂದು, "ದಾರಿ ಇನ್ನೂ ಬಿಟ್ಟಿಲ್ಲ ತೊಮಿ ಅಕ್ಕ, ನಾವೆಲ್ಲಿಗೂ ಹೋಗೋ ಹಾಗಿಲ್ಲ" ಎಂದ. ನಿಜ ಹೇಳಿದ್ದರೆ ನೀವೇ ಕೈಯಾರೆ ವೈರು ಕಿತ್ತು "ಹೋಗಿ" ಅನ್ನುತ್ತಿದ್ದಿರಿ. ಇಷ್ಟು ವರ್ಷ ನಿಮ್ಮನ್ನು ಕಂಡಿದ್ದೇವೆ. ಒಂದು ಮೂಲಂಗಿ ಕೊಟ್ಟರೆ ಸಂಜೆಯೊಳಗೆ ಎರಡು ಮೀನು ತಿರುಗಿ ಕಳಿಸುವವರು ನೀವು.

"ಪರವಾಗಿಲ್ಲ, ಅದೇನು ಮಹಾ" ಎಂದು ನಾನು ನಿಮಗೆ ಬರೆಯಬೇಕು, ಅದೇ ಮರ್ಯಾದೆ. ಆದರೆ ಬರೆಯುವುದಿಲ್ಲ. ನನಗೆ ನೋವಾಯಿತು ಅಕ್ಕ. ಇರುವವಳು ಒಬ್ಬಳೇ ಮಗಳು. ಮದುಮಗಳ ತಾಯಿಯಾಗಿ ಉಡಬೇಕೆಂದು ತೆಗೆದಿಟ್ಟಿದ್ದ ಕಪ್ಪು ಕಿಮೋನೊ ಗೋಡೆಯ ಮೇಲೆ ನೇತಾಡುತ್ತಿತ್ತು. ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು, ಆ ಸದ್ದಿನಲ್ಲಿ ಅತ್ತುಬಿಟ್ಟೆ. ಗಂಡನ ಮೇಲೂ, ಹಿಮದ ಮೇಲೂ, ಒಂದು ಗಳಿಗೆ ನಿಮ್ಮ ಮೇಲೂ ಸಿಟ್ಟು ಬಂತು.

ಚಿಹಾರುವಿಗೆ ಫೋನ್ ಮಾಡಿದ್ದು ಇಸಾಮು. ಕಾರಿನೊಳಗೆ ಕೂತಿದ್ದೆವು, ಮೊಬೈಲಿಗೂ ಅಲ್ಲಿಂದಲೇ ಕರೆಂಟ್. ಬರುವುದಿಲ್ಲ ಎಂದ ಕೂಡಲೇ ಅವಳು ಕಿರುಚಿದಳು.

"ಹೆದ್ದಾರಿ ಬಿಟ್ಟಿದ್ದಾರೆ ಅಂತ ಇಲ್ಲೂ ಹೇಳ್ತಿದ್ದಾರೆ ಅಪ್ಪಾ! ನಿಂಗೆ ಆ ಕಾರೇ ಹೆಚ್ಚಾಯ್ತಾ?"

"ಕಾರಲ್ಲ ಮಗಾ. ಕಾರಿಂದ ತೊಮಿ ಅಜ್ಜಿ ಮಷಿನ್ ನಡೀತಿದೆ. ಕಾರು ಹೊರಟ್ರೆ ಅದು ನಿಂತೋಗತ್ತೆ."

ಆ ಕಡೆ ಕೂದಲು ಕಟ್ಟುವವಳು ಏನೋ ಕೇಳುತ್ತಿದ್ದದ್ದು ಕೇಳಿಸಿತು. ಆಮೇಲೆ ಚಿಹಾರು, "ಕೇಳ್ಸು" ಎಂದಳು.

"ಏನು ಕೇಳಿಸ್ಲಿ?"

"ಅಜ್ಜಿ ಮಷಿನ್ ಸದ್ದು ಕೇಳ್ಸು ಅಪ್ಪಾ."

ಆತ ಕಾರಿನಿಂದ ಇಳಿದು, ನಿಮ್ಮ ಕಿಟಕಿಯನ್ನು ಬೆರಳು ತೂರುವಷ್ಟು ಸರಿಸಿ, ಫೋನನ್ನು ಅಲ್ಲಿ ಹಿಡಿದ. ನೀವು ನಿದ್ದೆಯಲ್ಲಿದ್ದಿರಿ. ಮಷಿನ್ ಗುರ್ ಎಂದು ನಿಂತು, ಪುಸ್ ಎಂದು, ಮತ್ತೆ ಗುರ್ ಎನ್ನುತ್ತಿತ್ತು. ನಗೋಯಾದಲ್ಲಿ ಮದುಮಗಳ ಬಟ್ಟೆ ಉಟ್ಟ ನನ್ನ ಮಗಳು ಅದನ್ನು ಕೇಳುತ್ತಾ ಕೂತಳು. ಅಷ್ಟು ಚಳಿಯಲ್ಲೂ ಇಸಾಮು ಫೋನ್ ತೆಗೆಯಲಿಲ್ಲ.

"ಸಾಕಪ್ಪಾ," ಎಂದಳು ಕೊನೆಗೆ. "ಕಿಟಕಿ ಹಾಕು, ಅಜ್ಜಿಗೆ ಚಳಿಯಾಗತ್ತೆ. ನಾನೀಗ ಹೋಗಿ ಮದ್ವೆ ಆಗ್ತೀನಿ."

ನಾನು ಮೀನು ಕಾರ್ಖಾನೆಯಿಂದ ಮರಳುವವರೆಗೆ ಅವಳನ್ನು ನಿಮ್ಮ ಒಲೆಯ ಪಕ್ಕ ಕೂರಿಸಿ, ಅಕ್ಕಿಮುದ್ದೆ ಸುಟ್ಟು ಕೊಟ್ಟು, ಪಾಠ ಓದಿಸಿದವರು ಯಾರು? ಶಾಲೆ ಸೇರಿದ ದಿನದಿಂದ ಮುಗಿಸುವವರೆಗೆ. ಆಗ ಒಂದು ದಿನವಾದರೂ ನಮ್ಮನ್ನು ಭಾರ ಅಂದುಕೊಂಡಿರಾ? ನಾನು ನಿಮಗೆ ಹಣೆ ನೆಲಕ್ಕೆ ತಾಗಿಸಿದ ನೆನಪು ನನಗಿಲ್ಲ. ಸಂಜೆ ಬಂದು ಮಗಳನ್ನು ಕರೆದುಕೊಂಡು ಹೋಗುತ್ತಿದ್ದೆ, ಅಷ್ಟೆ. ನೀವು ನಾಳೆ ಬಾ ಅನ್ನುತ್ತಿದ್ದಿರಿ.

ಅಕ್ಕ, ನಾವು ಮಗಳ ಮದುವೆ ಬಿಟ್ಟದ್ದು ನೀವು ನಮ್ಮ ಪಕ್ಕದಲ್ಲಿ ಇರಲಿ ಎಂದು. ಈಗ ನೀವೇ ಎದ್ದು ಹಿಮಿಗೆ ಹೋದರೆ, ನಮಗೆ ಆ ಮದುವೆಯೂ ಇಲ್ಲ, ನೀವೂ ಇಲ್ಲ. ಇದಕ್ಕಿಂತ ದೊಡ್ಡ ತೊಂದರೆ ನೀವು ನಮಗೆ ಕೊಡಲಾರಿರಿ.

ಬರುವ ಭಾನುವಾರ ಚಿಹಾರು ಗಂಡನನ್ನು ಕರೆದುಕೊಂಡು ಬರುತ್ತಿದ್ದಾಳೆ. ಮೊದಲು ತೊಮಿ ಅಜ್ಜಿಯ ಮನೆ, ಆಮೇಲೆ ನಮ್ಮ ಮನೆ ಎಂದು ಈಗಲೇ ಹೇಳಿದ್ದಾಳೆ. ಅವಳು ಬಂದಾಗ ನಿಮ್ಮ ಬಾಗಿಲಿಗೆ ಬೀಗ ಇದ್ದರೆ, ಕಾರಣ ಅವಳಿಗೆ ನಾನು ಹೇಳುವುದಿಲ್ಲ. ನೀವೇ ಹೇಳಿ.

ವ್ಯಾನಿನವನಿಗೆ ಬೇಡ ಅಂದುಬಿಡಿ. ತುಂಬು ಉಸಿರು ಎಳೆದುಕೊಳ್ಳುತ್ತಾ ಬಹಳ ಕಾಲ ನಮ್ಮ ಪಕ್ಕದಲ್ಲೇ ಇರಿ.

ನಿಮ್ಮ ತಂಗಿಯಂಥವಳು,
ಪಕ್ಕದ ಮನೆಯ ಹಿಸಾಕೊ