ಮೂವರಿದ್ದೂ ಕುಟುಂಬವಿಲ್ಲದ ಮನೆ

ಮಾನ್ಯ ವಸತಿ ಅಧಿಕಾರಿಗಳೇ,

ನಮ್ಮ ಮನೆಯಲ್ಲಿ ಮೂರು ಜನ ಇದ್ದಾರೆ, ಆದರೆ ಕುಟುಂಬ ಇಲ್ಲ ಎಂದು ತಾವು ಕಂಡುಹಿಡಿದಿದ್ದೀರಿ. ಆದ್ದರಿಂದ, ಕುಟುಂಬಗಳಿಗೆಂದೇ ಮೀಸಲಾದ ಈ ಮನೆಯನ್ನು ತಿಂಗಳೊಳಗೆ ಖಾಲಿ ಮಾಡಬೇಕೆಂದು ಅಪ್ಪಣೆ ಕೊಡಿಸಿದ್ದೀರಿ. ಒಂದೇ ಒಲೆಯಲ್ಲಿ ಬೆಂದದ್ದನ್ನು ಉಂಡು, ಇರುವ ಒಂದು ಬಚ್ಚಲಿಗಾಗಿ ದಿನಾ ಬೆಳಗ್ಗೆ ಜಗಳವಾಡುವ ನಾವು ಇಷ್ಟು ವರ್ಷ ನಮ್ಮದೂ ಒಂದು ಸಂಸಾರವೆಂಬ ಭ್ರಮೆಯಲ್ಲಿದ್ದೆವು. ಕಣ್ಣು ತೆರೆಸಿದ್ದೀರಿ. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸಿ ಹೊಟ್ಟೆ ಹೊರೆಯುವ ನನಗೆ ಈ ಉಪಕಾರದ ಬೆಲೆ ಗೊತ್ತು.

ನಮ್ಮ ಭ್ರಮೆಯ ವಿವರ ಇಷ್ಟು. ಮನೆ ಮಂಜೂರಾದದ್ದು ನನ್ನ ಅಣ್ಣನ ಹೆಸರಿಗೆ. ಅಣ್ಣ ಕೆಲವು ವರ್ಷಗಳ ಹಿಂದೆ ಬೇರೆ ಕಡೆ ಇನ್ನೊಂದು ಸಂಸಾರ ಹೂಡಿದ. ಹೋದ ವರ್ಷ ವಿಚ್ಛೇದನವೂ ಮುಗಿಯಿತು. ಉಳಿದವರು, ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ, ಐವತ್ತು ದಾಟಿದ ಅತ್ತಿಗೆ. ಬಸ್ಸು ಓಡಿಸಿ ನಿವೃತ್ತರಾದ, ಎಂಬತ್ತರ ಆಚೀಚೆಯ ಅವರ ಅಪ್ಪ, ಅಂದರೆ ನಮ್ಮ ಮಾವ. ಮತ್ತು ಮದುವೆಯ ಗೋಜಿಗೆ ಹೋಗದ ಮೈದುನ, ನಾನು.

ತಮ್ಮ ಪರಿವೀಕ್ಷಕರು ಬಂದಾಗ ಮನೆಯಲ್ಲಿದ್ದದ್ದು ಮಾವ ಒಬ್ಬರೇ. ಅವರ ಕಿವಿ ಮಂದ. ಗೋಡೆಯ ಮೇಲಿದ್ದ ನನ್ನ ಮತ್ತು ಅತ್ತಿಗೆಯ ಫೋಟೋ ತೋರಿಸಿ ಪರಿವೀಕ್ಷಕರು ಕೇಳಿದರಂತೆ: "ಇವರಿಬ್ರೂ ಒಬ್ರಿಗೊಬ್ರು ಏನಾಗ್ಬೇಕು?"

"ಏನೂ ಆಗೋದು ಬೇಡಪ್ಪ. ಚೆನ್ನಾಗಿದ್ರೆ ಸಾಕು," ಎಂದರು ಮಾವ.

ಇದಕ್ಕಿಂತ ಒಳ್ಳೆಯ ಉತ್ತರ ಯಾವ ಮನೆಯಲ್ಲಿ ಸಿಕ್ಕೀತು? ಆದರೆ ತಮ್ಮ ಕಡತದಲ್ಲಿ ಅದು 'ಪರಸ್ಪರ ಸಂಬಂಧವಿಲ್ಲದ ವಯಸ್ಕರು' ಎಂದಾಯಿತು. ವಿಚಾರಣೆಗೆ ನಾನೂ ಅತ್ತಿಗೆಯೂ ತಮ್ಮೆದುರು ಬಂದು ನಿಂತೆವು. ವಿಚ್ಛೇದನವಾದ ಮೇಲೆ ಅತ್ತಿಗೆ ಅತ್ತಿಗೆಯಲ್ಲ, ಅವರ ಅಪ್ಪನಂತೂ ಯಾವ ಲೆಕ್ಕಕ್ಕೂ ಇಲ್ಲ ಎಂದು ತಾವು ಬಿಡಿಸಿ ಹೇಳಿದಿರಿ. ಗಂಡ ಹೆಂಡತಿಯರ ಜಗಳದಲ್ಲಿ ಕೂಸು ಬಡವಾಗುವುದನ್ನು ಕೇಳಿದ್ದೆ. ಮೈದುನ, ಮಾವ ಎಲ್ಲರೂ ರದ್ದಾಗುವುದನ್ನು ಮೊದಲ ಸಲ ನೋಡಿದೆ. ಆಮೇಲೆ ತಾವು ಚಹಾ ಗುಟುಕರಿಸುತ್ತ ಒಂದು ಪರಿಹಾರವನ್ನೂ ದಯಪಾಲಿಸಿದಿರಿ.

"ನೀವಿಬ್ರೂ ಮದುವೆ ಆಗ್ಬಿಡಿ. ಆಗ ನಮ್ಮ ತಕರಾರೇ ಇರಲ್ಲ."

ತಮ್ಮ ಗುಮಾಸ್ತರು ನಕ್ಕರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅತ್ತಿಗೆ ಮಾತ್ರ ದನಿ ಏರಿಸಲಿಲ್ಲ.

"ನಾನು ಆ ಮನೆಗೆ ಬಂದಾಗ ಇವನಿಗೆ ಒಂಬತ್ತು ವರ್ಷ, ಸ್ವಾಮಿ. ಅಪ್ಪ ಅಮ್ಮ ಇರ್ಲಿಲ್ಲ. ತಲೆ ಬಾಚಿ ಸ್ಕೂಲಿಗೆ ಕಳಿಸಿದೀನಿ. ಬೇರೆ ದಾರಿ ಇದ್ರೆ ಹೇಳಿ."

ಬೇರೆ ದಾರಿ ತಮಗೆ ಹೊಳೆಯಲಿಲ್ಲ. ಹೊಳೆಯದಿರುವುದೂ ಸಹಜವೇ. ನಮ್ಮ ಪಕ್ಕದ ಮನೆಯ ದಂಪತಿ ಮಾತುಬಿಟ್ಟು ಯಾವ ಕಾಲವಾಯಿತೋ. ಅಡುಗೆಮನೆಯಲ್ಲಿ ಎರಡು ಸ್ಟೌ, ಎರಡು ಉಪ್ಪಿನ ಡಬ್ಬಿ. ಹೆಂಡತಿಗೆ ಜ್ವರ ಬಂದಾಗ ಗಂಜಿ ಕಾಯಿಸಿಕೊಟ್ಟದ್ದು ನಮ್ಮ ಅತ್ತಿಗೆ. ತಮ್ಮ ಕಣ್ಣಿಗೆ ಅದು ಕುಟುಂಬ, ಇದು ಅಕ್ರಮ ವಾಸ. ಕುಟುಂಬ ಎಂದರೆ ಮದುವೆಯ ಕಾಗದಕ್ಕೆ ಚಾವಣಿ ಹೊದಿಸಿದ್ದು ಎಂದು ಮೊದಲೇ ಹೇಳಿದ್ದರೆ ನಾವು ಇಷ್ಟೊಂದು ಕಷ್ಟಪಟ್ಟು ಒಬ್ಬರನ್ನೊಬ್ಬರು ಸಹಿಸಿಕೊಳ್ಳುತ್ತಿರಲಿಲ್ಲ.

ಮಾವನಿಗೆ ನಾವು ಈ ಸುದ್ದಿ ಹೇಳಿರಲಿಲ್ಲ. ಆದರೆ ಬೇಡದ ಮಾತು ಮಂದ ಕಿವಿಗೂ ಹೇಗೋ ಬೀಳುತ್ತದೆ. ವಿಚಾರಣೆಯ ಮರುದಿನ ಸಂಜೆ ನಾನು ಕೆಲಸದಿಂದ ಬಂದಾಗ ಅವರ ಮಂಚದ ಮೇಲೆ ಹೊದಿಕೆ ನೀಟಾಗಿ ಮಡಿಸಿತ್ತು, ಚಪ್ಪಲಿ ಇರಲಿಲ್ಲ. ಅತ್ತಿಗೆ ಇಸ್ತ್ರಿಯ ಬೆವರೂ ಆರದ ಮೈಯಲ್ಲಿ ನನ್ನ ಹಿಂದೆ ಓಡಿದರು. ಕೊನೆಗೆ ಸಿಕ್ಕಿದ್ದು ಬಸ್ ನಿಲ್ದಾಣದಲ್ಲಿ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬರುವ ಬಸ್ಸುಗಳನ್ನೆಲ್ಲ ಬಿಡುತ್ತ ಕುಳಿತಿದ್ದರು.

"ಎಲ್ಲಿಗೆ ಹೊರಟಿರಿ ಮಾವ?" ಎಂದೆ.

"ಗೊತ್ತಿಲ್ಲ ಕಣೋ. ಬಸ್ಸಲ್ಲಿ ಜನ ಹೆಚ್ಚಾದ್ರೆ ಯಾರಾದ್ರೂ ಇಳೀಲೇಬೇಕಲ್ಲ. ಹಳಬ ನಾನೇ. ನಾನಿಳಿದ್ರೆ ನಿಮ್ಮಿಬ್ಬರನ್ನ ಬಿಟ್ಟಾರು ಅಂದ್ಕೊಂಡೆ."

ಅತ್ತಿಗೆ ಅವರ ಕೈಯಿಂದ ಚೀಲ ಕಿತ್ತುಕೊಂಡರು. "ಇಳಿಯೋದಾದ್ರೆ ಮೂರು ಜನಾನೂ ಇಳಿಯೋಣ. ಈಗ ಎದ್ದೇಳಿ, ಊಟದ ಹೊತ್ತಾಯ್ತು," ಎಂದು ಅಷ್ಟು ಜನರ ಎದುರಿಗೆ ಗದರಿದರು. ಗದರುತ್ತಲೇ ಅತ್ತರು. ಮಾವ ಎದ್ದರು.

ಮನೆಗೇನೋ ಬಂದರು, ಆದರೆ ಚೀಲ ಬಿಚ್ಚಲಿಲ್ಲ. ಬೆಳಗ್ಗೆ ಅದರಿಂದಲೇ ಅಂಗಿ ತೆಗೆದು ಹಾಕಿಕೊಳ್ಳುತ್ತಾರೆ. ಒಗೆದು ಒಣಗಿದ್ದನ್ನು ಮಡಿಸಿ ಮತ್ತೆ ಅದರಲ್ಲೇ ಇಡುತ್ತಾರೆ. ಬಾಗಿಲ ಬಳಿ ನೆರಳು ಸುಳಿದರೂ ಸಾಕು, ಎದ್ದು ಕೂರುತ್ತಾರೆ. ತಮ್ಮ ಆಡಳಿತದ ದಕ್ಷತೆಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಬೇಕೇ?

ನನ್ನ ಬೇಡಿಕೆ ದೊಡ್ಡದೇನಲ್ಲ. ಆದೇಶವನ್ನು ಹಿಂತೆಗೆದುಕೊಳ್ಳಿ. ಮನೆಯನ್ನು ಅದರಲ್ಲಿ ವಾಸವಾಗಿರುವ ನಮ್ಮ ಹೆಸರಿಗೆ ಮಾಡಿ. ಆದರೆ ದಯವಿಟ್ಟು ಅದನ್ನು ಅಂಚೆಯಲ್ಲಿ ಕಳಿಸಬೇಡಿ. ಸರ್ಕಾರದ ಲಕೋಟೆ ಕಂಡರೆ ಆ ಜೀವ ಮತ್ತೆ ಚಪ್ಪಲಿ ಮೆಟ್ಟೀತು. ತಾವೇ ಮೆಟ್ಟಿಲು ಹತ್ತಿ ಬನ್ನಿ. ಮಂಚದ ಮೇಲೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಕಿವಿಯ ಹತ್ತಿರ ಬಗ್ಗಿ, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಎರಡೇ ಮಾತು ಹೇಳಿ: "ಇಲ್ಲೇ ಇರಿ."

ಇಂತಿ,
ಅಣ್ಣ ಬಿಟ್ಟುಹೋದರೂ ಅತ್ತಿಗೆಯನ್ನು ಬಿಡಲು ಬಾರದ
ಒಬ್ಬ ಅನಧಿಕೃತ ಮೈದುನ