ಇಂದುಮತಿಯವರ ನಕ್ಷೆಯ ಖಾಲಿ ಚೌಕ

ತೆಂಕಣಗಡ್ಡೆ
೨೩೧೪, ಎರಡನೇ ಬೇಸಿಗೆಯ ನಲವತ್ತೊಂದನೇ ದಿನ

ಶ್ರೀಮತಿ ಇಂದುಮತಿ ಹಾವನೂರ ಅವರಿಗೆ ನೀಲವ್ವನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದ ಕನ್ನಡ ನನಗೆ ಕಡತಗಳಿಂದಷ್ಟೇ ಬಂದದ್ದು. ಮಾತು ಎಲ್ಲಾದರೂ ಒರಟಾದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಈ ಊರಿನ ಎಬ್ಬಿಸುವವಳು, ಅಂದರೆ ಸತ್ತಂತೆ ಬಿದ್ದಿರುವ ಹಳೆಯ ಕಂಪ್ಯೂಟರುಗಳನ್ನು ಎಬ್ಬಿಸಿ ಅವುಗಳಲ್ಲಿರುವುದನ್ನು ಓದುವವಳು. ನಿಮ್ಮ ಕಚೇರಿಯ ಸರ್ವರ್ ಈಗ ನನ್ನ ಪಡಸಾಲೆಯಲ್ಲಿದೆ.

ನಿಮ್ಮ ಕಾಲದ ಕಾರ್ಖಾನೆಯೊಂದು ಇಲ್ಲಿ ವಿಷದ ಪೀಪಾಯಿಗಳನ್ನು ಹೂತಿತ್ತು. ಎಲ್ಲಿ ಹೂತಿತು ಎಂಬ ನಕ್ಷೆ ಮಾಡಿದವರು ನೀವು. ನಮಗಿದ್ದ ಒಂದೇ ಬಾವಿ ಬತ್ತಿ ಹನ್ನೆರಡು ದಿನವಾಯಿತು, ನಾಳೆ ಹೊಸದನ್ನು ತೋಡಲೇಬೇಕು.

ಒಂಬತ್ತು ದಿನ ಆ ನಕ್ಷೆಯ ಕಡತದ ಜೊತೆ ಗುದ್ದಾಡಿದೆ. ಸರ್ವರಿನಲ್ಲಿ ಹೆಸರು ಕಾಣುತ್ತದೆ, ತೆರೆಯಹೋದರೆ ನಿಮ್ಮ ಹಳೆಯ ತಂತ್ರಾಂಶ ಕಡತ ಸಿಗುತ್ತಿಲ್ಲ ಎನ್ನುತ್ತದೆ. ಕಣ್ಣೆದುರಿಗಿರುವುದನ್ನೇ ಇಲ್ಲವೆನ್ನುತ್ತದೆ. ಕೇಬಲ್ ಬದಲಿಸಿದೆ, ಅನುಮತಿಗಳನ್ನು ಒಂದೊಂದಾಗಿ ನೋಡಿದೆ. ಕೊನೆಗೆ ತಿಳಿಯಿತು: ನೀವು ‘ಹೊಸದು’ ಎಂಬ ಫೋಲ್ಡರಿನೊಳಗೆ ‘ಹೊಸದು ಫೈನಲ್’, ಅದರೊಳಗೆ ‘ಇದೇ ಫೈನಲ್’ ಎಂದು ಹದಿನಾಲ್ಕು ಫೋಲ್ಡರು ತುರುಕಿದ್ದೀರಿ. ಅಷ್ಟುದ್ದದ ವಿಳಾಸ ಆ ತಂತ್ರಾಂಶಕ್ಕೆ ಓದಲಾಗದು. ಕಡತವನ್ನು ಹೊರಗೆ ನಕಲಿಸಿ ಚಿಕ್ಕ ಹೆಸರಿಟ್ಟೆ. ತೆರೆಯಿತು. ಅತ್ತುಬಿಟ್ಟೆ ನಾನು.

ಶೀರ್ಷಿಕೆ ಇದೆ, ನಿಮ್ಮ ಹೆಸರಿದೆ, ‘ಪೀಪಾಯಿಗಳು ಇಲ್ಲಿವೆ’ ಎಂಬ ಬಾಣವೂ ಇದೆ. ಬಾಣ ತೋರಿಸುವ ಕಡೆ ಮಾತ್ರ ಒಂದು ಖಾಲಿ ಚೌಕ, ಮೂಲೆಯಲ್ಲಿ ಕೆಂಪು ಇಂಟು ಗುರುತು. ಚಿತ್ರವನ್ನು ನೀವು ಕಡತದೊಳಗೆ ಸೇರಿಸಿರಲಿಲ್ಲ. ನಿಮ್ಮ ಮೇಜಿನ ಕಂಪ್ಯೂಟರಿನ ಡಿ ಡ್ರೈವಿನಲ್ಲಿಟ್ಟು ಅದರ ವಿಳಾಸವನ್ನಷ್ಟೇ ಕೊಟ್ಟಿದ್ದಿರಿ. ನಿಮ್ಮ ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಕಂಡಿರಬೇಕು. ಆ ಕಂಪ್ಯೂಟರು ಯಾವ ಗುಜರಿ ಸೇರಿತೋ ಏನೋ. ನಿಮ್ಮನ್ನು ಬಾಯಿಗೆ ಬಂದಂತೆ ಬೈದೆ, ತಾಯಿ. ನಮ್ಮ ಅತ್ತೆ ಸಾವಂತ್ರವ್ವ ಕೇಳಿಸಿಕೊಂಡು ಗದರಿದರು: “ಸತ್ತವ್ರನ್ನ ಬೈದ್ರ ಬಾವ್ಯಾಗ ನೀರ್ ಬರ್ತಾವೇನ? ಜಾಗಾ ಹೇಳು, ಹುಡುಗ್ರು ನೀರಡಿಸ್ಯಾವ.”

ನಿಮ್ಮಲ್ಲಿ ಬೇಡುವುದು ಒಂದೇ. ಈ ಪತ್ರ ಸಿಕ್ಕ ಕೂಡಲೇ ಆ ಕಡತವನ್ನು ಪಕ್ಕದವರ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಚೌಕ ಖಾಲಿಯಿದ್ದರೆ ಚಿತ್ರವನ್ನು ಒಳಗೇ ಸೇರಿಸಿ ಉಳಿಸಿ. ಊಟಕ್ಕೆ ಏಳುವ ಮೊದಲೇ ಮಾಡಿ.

ನಾಳೆ ನಾನು ಜಾಗ ತೋರಿಸಬೇಕು. ತೋರಿಸಿದವರೇ ಹೊಸ ಬಾವಿಯ ಮೊದಲ ತಂಬಿಗೆ ನೀರು ಕುಡಿಯಬೇಕೆಂಬುದು ಇಲ್ಲಿನ ಪದ್ಧತಿ. ಕುಡಿಯಲು ನನಗೆ ಹೆದರಿಕೆಯಿಲ್ಲ. ಈ ವಿಷ ನಾಲಿಗೆಗೆ ತಿಳಿಯುವುದಿಲ್ಲ, ಕುಡಿದ ದಿನ ಏನೂ ಆಗುವುದಿಲ್ಲ. ನಾನು ಚೆನ್ನಾಗಿರುವುದನ್ನು ನೋಡಿ, ಆಮೇಲೆ ಮಕ್ಕಳು ಕುಡಿಯುತ್ತವೆ.